ಘಟ್ಟ ಹತ್ತುವ ಗಾಡಿಗೆ ಯಾವ ಎಂಜಿನ್ ಆಯಿಲ್?

ಶಿರಸಿಯ ಯಾವುದಾದರೂ ಗ್ಯಾರೇಜಿನ ಮುಂದೆ ನಿಂತು "ಗಾಡಿಗೆ ಯಾವ ಆಯಿಲ್ ಹಾಕಿಸಲಿ?" ಅಂತ ಕೇಳಿ ನೋಡಿ. ಮೂರು ಜನ ಇದ್ದರೆ ನಾಲ್ಕು ಉತ್ತರ ಬರುತ್ತದೆ. "ಫುಲ್ ಸಿಂಥೆಟಿಕ್ ಹಾಕ್ಸು ಮಾರಾಯ, ಮತ್ತೆ ತಿರುಗಿ ನೋಡೋದೇ ಬೇಡ" ಅಂತ ಒಬ್ಬರು. "ಅದೆಲ್ಲ ದುಡ್ಡು ದಂಡ, ನಮ್ಮ ಘಟ್ಟಕ್ಕೆ ದಪ್ಪ ಆಯಿಲೇ ಆಗ್ಬೇಕು" ಅಂತ ಇನ್ನೊಬ್ಬರು.

ನಾನು ಒಮ್ಮೆ ಈ ಎರಡನೆಯವರ ಮಾತು ಕೇಳಿದವನು. ಪೆಟ್ರೋಲ್ ಕಾರು, ಆಗ 60 ಸಾವಿರ ಕಿಲೋಮೀಟರ್ ಓಡಿತ್ತು. "ಗಾಡಿ ಹಳತಾಯ್ತು, ವಾರಕ್ಕೆರಡು ಸಲ ಕುಮಟಾಕ್ಕೆ ಇಳೀತೀರಿ, 20ಡಬ್ಲ್ಯೂ-50 ಅನ್ನೋ ದಪ್ಪ ಆಯಿಲ್ ಹಾಕ್ತೇನೆ, ಎಂಜಿನ್ ಗಟ್ಟಿ ಇರ್ತದೆ" ಅಂದ ಮೆಕ್ಯಾನಿಕ್. ಸರಿ ಅಂದೆ. ಮರುದಿನ ಬೆಳಿಗ್ಗೆ ಚಾವಿ ತಿರುಗಿಸಿದರೆ ಬಾನೆಟ್ ಒಳಗಿಂದ ಟಕಟಕ ಟಕಟಕ, ಒಣ ಅಡಿಕೆಯನ್ನು ತಗಡಿನ ಮೇಲೆ ಸುರಿದ ಹಾಗೆ. ಐದಾರು ಸೆಕೆಂಡ್ ಆದ ಮೇಲೆ ನಿಂತಿತು. ಆಮೇಲೆ ದಿನವೂ ಇದೇ. ಮೈಲೇಜೂ ಸ್ವಲ್ಪ ಬಿತ್ತು. ಆಗ ಹುಡುಕಿದೆ, ಗಾಡಿ ಜೊತೆ ಬಂದ ಪುಸ್ತಕವನ್ನು. ಡ್ಯಾಶ್‌ಬೋರ್ಡಿನ ಗೂಡಿನಲ್ಲಿ, ಮಾರಿಕಾಂಬೆಯ ಕುಂಕುಮದ ಪೊಟ್ಟಣ ಮತ್ತು ಹಳೆಯ ಇನ್ಶೂರೆನ್ಸ್ ಕಾಗದಗಳ ಅಡಿಯಲ್ಲಿ, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಮಲಗಿತ್ತು. ಒಳಗೆ ದೊಡ್ಡದಾಗಿ ಬರೆದಿತ್ತು: 5ಡಬ್ಲ್ಯೂ-30.

ನಾವು ಆಯಿಲ್ ಆರಿಸುವ ಕ್ರಮವೇ ತಲೆಕೆಳಗು. ಮೊದಲು ಕಂಪನಿ ನೋಡುತ್ತೇವೆ. ಆಮೇಲೆ ರೇಟು. ಆಮೇಲೆ ಸಿಂಥೆಟಿಕ್ಕೋ ಅಲ್ಲವೋ. ಡಬ್ಬದ ಮೇಲಿನ ನಂಬರು ಕೊನೆಗೆ, ಅದೂ ನೆನಪಾದರೆ. ನಾನೀಗ ನಂಬರನ್ನೇ ಮೊದಲು ನೋಡುತ್ತೇನೆ. ಅದರ ಹತ್ತಿರ ಬರೆದಿರುವ ಎರಡಕ್ಷರದ ದರ್ಜೆ ಎರಡನೆಯದು. ಸಿಂಥೆಟಿಕ್ ಪ್ರಶ್ನೆ ಮೂರನೆಯದು. ಕಂಪನಿ ಯಾವುದಾದರೂ ಅಡ್ಡಿಲ್ಲ.

ನಂಬರು ಹೇಳುವುದೇನು

ಡಿಸೆಂಬರ್ ಬೆಳಿಗ್ಗೆ ಡಬ್ಬದಿಂದ ಜೋನಿ ಬೆಲ್ಲ ತೆಗೆಯಿರಿ. ಚಮಚ ಎತ್ತಿದರೆ ಬೀಳಲೋ ಬೇಡವೋ ಅಂತ ನೇತಾಡುತ್ತದೆ. ಅದನ್ನೇ ಸ್ವಲ್ಪ ಹೊತ್ತು ಒಲೆ ಪಕ್ಕ ಇಟ್ಟರೆ ದೋಸೆ ಮೇಲೆ ನಿಲ್ಲದೆ ತಟ್ಟೆಯೆಲ್ಲ ಹರಿಯುತ್ತದೆ. ಎಂಜಿನ್ ಆಯಿಲೂ ಹೀಗೇ. ತಣ್ಣಗಿದ್ದಾಗ ದಪ್ಪ, ಕಾದಾಗ ತೆಳು. 5ಡಬ್ಲ್ಯೂ-30ರಲ್ಲಿ ಮೊದಲಿನ 5 ಅನ್ನುವುದು ತಣ್ಣಗಿದ್ದಾಗ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದರ ಗುರುತು. ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. ಈ ನಂಬರು ಚಿಕ್ಕದಾದಷ್ಟೂ ಆಯಿಲ್ ಚಳಿಯಲ್ಲಿ ಬೇಗ ಹರಿಯುತ್ತದೆ. ಕೊನೆಯ 30 ಅನ್ನುವುದು 100 ಡಿಗ್ರಿಗೆ ಕಾದ ಮೇಲೆ ಎಷ್ಟು ದಪ್ಪ ಉಳಿದಿರುತ್ತದೆ ಅನ್ನುವುದು.

ಎಸ್‌ಎಇ ಎಂಬ ಎಂಜಿನಿಯರುಗಳ ಸಂಸ್ಥೆ ಇದಕ್ಕೆ ಅಳತೆ ಹಾಕಿಟ್ಟಿದೆ. 100 ಡಿಗ್ರಿಯಲ್ಲಿ 20ರ ಆಯಿಲ್ 6.9ರಿಂದ 9.3 ಸೆಂಟಿಸ್ಟೋಕ್ಸ್ (ಎಣ್ಣೆಯ ದಪ್ಪ ಅಳೆಯುವ ಮಾನ) ಒಳಗಿರಬೇಕು. 30ರದ್ದು 9.3ರಿಂದ 12.5. 40ರದ್ದು 12.5ರಿಂದ 16.3. 50ರದ್ದು 16.3ರಿಂದ 21.9. ಅಂದರೆ 20 ಹಾಕಬೇಕಾದಲ್ಲಿ 50 ಹಾಕಿದರೆ ಸುಮಾರು ಎರಡು ಪಟ್ಟು ದಪ್ಪದ ಎಣ್ಣೆಯನ್ನು ಪಂಪ್ ತಳ್ಳಬೇಕು.

ನಮ್ಮ ಚಳಿಗೆ 0ಡಬ್ಲ್ಯೂ ಯಾಕೆ ಅಂತ ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವೇ. 5ಡಬ್ಲ್ಯೂ ಆಯಿಲಿಗೆ ಸ್ಟಾರ್ಟ್ ಆಗುವ ಪರೀಕ್ಷೆ ಮಾಡುವುದು ಸೊನ್ನೆಗಿಂತ 30 ಡಿಗ್ರಿ ಕೆಳಗೆ, 20ಡಬ್ಲ್ಯೂಗೆ ಸೊನ್ನೆಗಿಂತ 15 ಡಿಗ್ರಿ ಕೆಳಗೆ. ನಮ್ಮಲ್ಲಿ ಬಚ್ಚಲುಮನೆಯ ತೆಂಗಿನೆಣ್ಣೆ ಗಟ್ಟಿಯಾದರೆ ಅದೇ ದೊಡ್ಡ ಚಳಿ. ಆದರೆ ಎಂಜಿನ್ ಲೆಕ್ಕದಲ್ಲಿ 20 ಡಿಗ್ರಿಯೂ ತಣ್ಣಗೇ. ರಾತ್ರಿ ನಿಂತ ಗಾಡಿಯಲ್ಲಿ ಎಣ್ಣೆ ಎಲ್ಲ ಕೆಳಗೆ ಇಳಿದಿರುತ್ತದೆ. ಬೆಳಿಗ್ಗೆ ಅದು ಮೇಲಿನ ವಾಲ್ವ್‌ಗಳ ತನಕ ಹತ್ತಬೇಕು. ನನ್ನ ಗಾಡಿಯ ಟಕಟಕ ಆ ಕಾಯುವ ಹೊತ್ತಿನದು. ಇನ್ನೊಂದು, ಈಗಿನ ತುಂಬ ಎಂಜಿನ್‌ಗಳಲ್ಲಿ ವಾಲ್ವ್ ಟೈಮಿಂಗ್ (ವಾಲ್ವ್ ತೆರೆದು ಮುಚ್ಚುವ ಹೊತ್ತು) ಹಿಂದೆ ಮುಂದೆ ಮಾಡುವ ಭಾಗ ಆಯಿಲ್ ಒತ್ತಡದಿಂದಲೇ ಕೆಲಸ ಮಾಡುತ್ತದೆ. ಅದರ ಸಣ್ಣ ಸಣ್ಣ ದಾರಿಗಳು ತೆಳು ಎಣ್ಣೆಗೆ ಅಂತಲೇ ಕೊರೆದಿರುವಂಥವು.

ಹಾಗಂತ ಘಟ್ಟದ ಭಯ ಪೂರ್ತಿ ಸುಳ್ಳಲ್ಲ. ಕುಮಟಾದಿಂದ ಶಿರಸಿಗೆ 60 ಕಿಲೋಮೀಟರ್ ಆಸುಪಾಸು. ಅದರಲ್ಲಿ ದೇವಿಮನೆ ಘಟ್ಟದ ತಿರುವುಗಳಲ್ಲಿ ಲಾರಿ ಹಿಂದೆ ಸಿಕ್ಕಿಬಿದ್ದರೆ ಎರಡನೇ ಗೇರ್, ಎಂಜಿನ್ ಕೂಗು, ಎದುರುಗಾಳಿ ಇಲ್ಲ, ಎಸಿ ಬೇರೆ. ಎಣ್ಣೆ ಚೆನ್ನಾಗಿಯೇ ಕಾಯುತ್ತದೆ. ಅರಬೈಲು, ಅಣಶಿ ಕಡೆಯವರದ್ದೂ ಇದೇ ಕಥೆ. ಅದಕ್ಕೆ ನನ್ನ ಸಲಹೆ ಇಷ್ಟು: ಪುಸ್ತಕದಲ್ಲಿ ಎರಡು ನಂಬರು ಕೊಟ್ಟಿದ್ದರೆ, ಉದಾಹರಣೆಗೆ 0ಡಬ್ಲ್ಯೂ-20 ಅಥವಾ 5ಡಬ್ಲ್ಯೂ-30 ಅಂತ ಇದ್ದರೆ, ವಾರ ವಾರ ಘಟ್ಟ ಹತ್ತುವವರು ದಪ್ಪದ್ದನ್ನು ಆರಿಸಿ. ಒಂದೇ ನಂಬರು ಇದ್ದರೆ ಸುಮ್ನೆ ಅದನ್ನೇ ಹಾಕಿ. ಪುಸ್ತಕದಲ್ಲಿ ಇಲ್ಲದ ನಂಬರು ಬೇಡವೇ ಬೇಡ.

ಎರಡಕ್ಷರದ ದರ್ಜೆ

ಡಬ್ಬದ ಹಿಂದೆ ಎಪಿಐ ಅಂತ ಇರುತ್ತದೆ, ಅಮೆರಿಕದ ಪೆಟ್ರೋಲಿಯಂ ಸಂಸ್ಥೆ. ಎಸ್‌ನಿಂದ ಶುರುವಾದರೆ ಪೆಟ್ರೋಲ್ ಎಂಜಿನ್‌ಗೆ, ಸಿ ಇಂದ ಶುರುವಾದರೆ ಡೀಸೆಲ್‌ಗೆ. ಎಸ್‌ ಪಕ್ಕದ ಅಕ್ಷರ ಮುಂದೆ ಮುಂದೆ ಹೋದಷ್ಟೂ ಹೊಸತು. ಎಸ್‌ಎನ್ ಬಂದದ್ದು 2010ರಲ್ಲಿ, ಎಸ್‌ಪಿ 2020ರಲ್ಲಿ, ಎಸ್‌ಕ್ಯೂ 2025ರಲ್ಲಿ. ಪೆಟ್ರೋಲ್ ಗಾಡಿಗಳಲ್ಲಿ ಹಳೆಯ ದರ್ಜೆ ಕೇಳಿದ್ದರೆ ಹೊಸದು ಹಾಕಬಹುದು, ನಂಬರು ಸರಿ ಇದ್ದರೆ ಆಯಿತು. ತಿರುಗಾ ಮಾಡಬಾರದು. ಅಂಗಡಿಯವರು ಕಡಿಮೆ ರೇಟಿಗೆ ಹಳೆ ದರ್ಜೆಯ ಡಬ್ಬ ಕೊಟ್ಟರೆ ಬೇಡ ಅನ್ನಿ.

ಟರ್ಬೊ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಚಕ್ರ) ಇರುವ ಪೆಟ್ರೋಲ್ ಗಾಡಿಯವರಿಗೆ ಈ ಅಕ್ಷರ ತುಂಬ ಮುಖ್ಯ. ಇಂಧನವನ್ನು ಸಿಲಿಂಡರ್ ಒಳಗೇ ಸಿಂಪಡಿಸುವ ಚಿಕ್ಕ ಟರ್ಬೊ ಎಂಜಿನ್‌ಗಳಲ್ಲಿ, ಕಡಿಮೆ ಸ್ಪೀಡಿನಲ್ಲಿ ಜೋರಾಗಿ ಒತ್ತಿದಾಗ ಪೆಟ್ರೋಲ್ ಕಿಡಿ ಬರುವ ಮೊದಲೇ ಹೊತ್ತಿಕೊಳ್ಳುವ ತೊಂದರೆ ಇದೆ. ಪಿಸ್ಟನ್ನೇ ಒಡೆಯಬಹುದು. ಇದನ್ನು ತಡೆಯುತ್ತದೋ ಅನ್ನುವ ಪರೀಕ್ಷೆ ಪಾಸಾದದ್ದು ಎಸ್‌ಪಿ ಮತ್ತು ಅದರ ನಂತರದ ದರ್ಜೆ. ಘಟ್ಟದ ತಿರುವಿನಲ್ಲಿ ಗೇರ್ ಇಳಿಸದೆ ಒತ್ತುವ ಚಾಳಿ ನಮ್ಮಲ್ಲಿ ಎಷ್ಟು ಜನಕ್ಕಿಲ್ಲ ಹೇಳಿ!

ಡೀಸೆಲ್‌ನವರು ಇನ್ನೂ ಹುಷಾರಾಗಿರಬೇಕು. ಇದನ್ನು ನಮ್ಮ ಭಾವನ ಗಾಡಿಯಿಂದಲೇ ಹೇಳುತ್ತೇನೆ. ಭಾವ ಇರುವುದು ಕಾರವಾರದಲ್ಲಿ. 2021ರಲ್ಲಿ ತೆಗೆದುಕೊಂಡ ಡೀಸೆಲ್ ಗಾಡಿ. ಮನೆಯಿಂದ ಶಾಲೆ, ಶಾಲೆಯಿಂದ ಮೀನು ಮಾರ್ಕೆಟ್, ವಾಪಸ್ ಮನೆ, ಒಂದು ಸಲಕ್ಕೆ ನಾಲ್ಕು ಕಿಲೋಮೀಟರೂ ಇಲ್ಲ. ಒಂದು ಭಾನುವಾರ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ನೋಡಿ ನನಗೆ ಫೋನ್ ಮಾಡಿದರು. "ಎಲ್ಲರ ಗಾಡಿಲಿ ಆಯಿಲ್ ಕಡಿಮೆ ಆಗ್ತದೆ, ನಮ್ಮದ್ರಲ್ಲಿ ಜಾಸ್ತಿ ಆಗಿದೆ! ಒಳ್ಳೇದೇ ಅಲ್ವಾ?" ನಾನು ಹೋದಾಗ ಕಡ್ಡಿಯನ್ನು ಮೂಸಿ ನೋಡಿದೆ. ಸೀದಾ ಡೀಸೆಲ್ ವಾಸನೆ.

ಆದದ್ದು ಇಷ್ಟು. 2020ರ ಏಪ್ರಿಲ್ 1ರಿಂದ ಬಿಎಸ್6 ನಿಯಮ ಬಂತು. ಆಮೇಲಿನ ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇದೆ, ಡಿಪಿಎಫ್ ಅಂತ. ಮಸಿ ತುಂಬಿದಾಗ ಎಂಜಿನ್ ತಾನೇ ಜಾಸ್ತಿ ಡೀಸೆಲ್ ಬಿಟ್ಟು ಹೊಗೆಯನ್ನು ಕಾಯಿಸಿ ಆ ಮಸಿ ಸುಡುತ್ತದೆ. ಅದಕ್ಕೆ ಸ್ವಲ್ಪ ಹೊತ್ತು ಒಂದೇ ಸಮನೆ ಓಡಬೇಕು. ಭಾವ ಅಷ್ಟರಲ್ಲಿ ಮನೆ ತಲುಪಿ ಚಾವಿ ತೆಗೆದಿರುತ್ತಾರೆ. ಸುಡದೆ ಉಳಿದ ಡೀಸೆಲ್ ಪಿಸ್ಟನ್ ಪಕ್ಕದಿಂದ ಇಳಿದು ಆಯಿಲ್‌ಗೆ ಸೇರುತ್ತದೆ. ಆಯಿಲ್ ಮಟ್ಟ ಏರುತ್ತದೆ, ಆದರೆ ಎಣ್ಣೆಯ ಕಸುವು ಹೋಗಿರುತ್ತದೆ. ಇದರ ಮೇಲೆ ಹಿಂದಿನ ಸಲ ಒಂದು ಗ್ಯಾರೇಜಿನವರು ಲಾರಿಗೆ ಹಾಕುವ 15ಡಬ್ಲ್ಯೂ-40 ತುಂಬಿಸಿಬಿಟ್ಟಿದ್ದರು. ಅಂಥ ಹಳೆ ದರ್ಜೆಯ ಎಣ್ಣೆ ಸುಟ್ಟಾಗ ಬೂದಿ ಜಾಸ್ತಿ. ಮಸಿಯನ್ನಾದರೂ ಸುಡಬಹುದು, ಬೂದಿಯನ್ನು ಸುಡಲು ಬರುವುದಿಲ್ಲ. ಫಿಲ್ಟರಿನಲ್ಲೇ ಕೂತುಬಿಡುತ್ತದೆ. ಹಾಗಾಗಿ ಈ ಗಾಡಿಗಳಿಗೆ ಕಡಿಮೆ ಬೂದಿಯ ಎಣ್ಣೆಯೇ ಬೇಕು. ಯುರೋಪಿನ ಕಾರು ತಯಾರಕರ ಸಂಘ ಎಸಿಇಎಯ ಪಟ್ಟಿಯಲ್ಲಿ ಅವು ಸಿ2, ಸಿ3, ಸಿ5 ಅಂತ ಸಿ ಸಾಲಿನಲ್ಲಿ ಬರುತ್ತವೆ. ನಿಮ್ಮದಕ್ಕೆ ಯಾವುದು ಅಂತ ಪುಸ್ತಕದಲ್ಲಿದೆ. ಸಿಗುವುದು ಬಹುಮಟ್ಟಿಗೆ ಸಿಂಥೆಟಿಕ್‌ನಲ್ಲೇ, ಆದ್ದರಿಂದ ಇಲ್ಲಿ ಆಯ್ಕೆಯ ಪ್ರಶ್ನೆ ಅಷ್ಟಾಗಿ ಇಲ್ಲ. ಭಾವನ ಗಾಡಿಗೆ ಸರಿಯಾದ ಆಯಿಲ್ ಹಾಕಿಸಿದೆವು. ಈಗ ವಾರಕ್ಕೊಮ್ಮೆ ಅಕ್ಕನನ್ನು ಕೂರಿಸಿಕೊಂಡು ಹೈವೇಯಲ್ಲಿ ಅಂಕೋಲಾ ತನಕ ಹೋಗಿ ಬರುತ್ತಾರೆ. ಗಾಡಿಗಿಂತ ಅಕ್ಕನಿಗೇ ಖುಷಿ.

ಮಿನರಲ್, ಸೆಮಿ, ಸಿಂಥೆಟಿಕ್

ಅಡಿಕೆ ಒಣಗಿಸಿ ಸುಲಿದ ರಾಶಿಯನ್ನು ಆರಿಸದೆ ಹಾಗೇ ಮಾರಿದರೆ ಅದರಲ್ಲಿ ಒಳ್ಳೆ ಚಾಲಿಯೂ ಇರುತ್ತದೆ, ಕೋಕಾ ಅನ್ನುವ ಕೆಳದರ್ಜೆಯದೂ ಇರುತ್ತದೆ. ಮಿನರಲ್ ಆಯಿಲ್ ಸುಮಾರು ಹಾಗೆ. ಕಚ್ಚಾ ತೈಲವನ್ನು ಶುದ್ಧ ಮಾಡಿ ತೆಗೆದದ್ದು, ಒಳಗೆ ಚಿಕ್ಕ ದೊಡ್ಡ ಎಲ್ಲ ಗಾತ್ರದ ಅಣುಗಳೂ ಇರುತ್ತವೆ. ಚಿಕ್ಕವು ಬಿಸಿಗೆ ಆವಿಯಾಗುತ್ತವೆ, ಕೆಲವು ಬೇಗ ಹಾಳಾಗಿ ಅಂಟು ಕಟ್ಟುತ್ತವೆ. ಸಿಂಥೆಟಿಕ್ ಅಂದರೆ ಒಂದೇ ಸಮನಾಗಿ ಮಾಡಿದ ಮಾಲು. ಬಿಸಿಯಲ್ಲಿ ತೀರ ತೆಳುವಾಗುವುದಿಲ್ಲ, ತಣ್ಣಗಿದ್ದಾಗ ತೀರ ದಪ್ಪವಾಗುವುದಿಲ್ಲ, ಆವಿಯಾಗುವುದು ಕಡಿಮೆ.

ಇದರೊಳಗೂ ಮುಖ್ಯವಾಗಿ ಎರಡು ಜಾತಿ. ಕಚ್ಚಾ ತೈಲದ ಅಣುಗಳನ್ನೇ ಹೈಡ್ರೋಜನ್ ಹಾಯಿಸಿ ಮುರಿದು ಸರಿಮಾಡಿದ್ದು ಗ್ರೂಪ್ 3. ಕಾರ್ಖಾನೆಯಲ್ಲಿ ಸೊನ್ನೆಯಿಂದ ಕಟ್ಟಿದ್ದು ಗ್ರೂಪ್ 4, ಪಿಎಒ ಅನ್ನುತ್ತಾರೆ. ಗ್ರೂಪ್ 3 ಅನ್ನು ಸಿಂಥೆಟಿಕ್ ಅನ್ನಬಾರದು ಅಂತ ಅಮೆರಿಕದಲ್ಲಿ ಮೊಬಿಲ್ ಕಂಪನಿ ಕ್ಯಾಸ್ಟ್ರಾಲ್ ಮೇಲೆ ದೂರು ಕೊಟ್ಟಿತ್ತು. 1999ರಲ್ಲಿ ಜಾಹೀರಾತು ಪರಿಶೀಲಿಸುವ ಅಲ್ಲಿನ ಸಂಸ್ಥೆ ಕ್ಯಾಸ್ಟ್ರಾಲ್ ಪರವಾಗಿ ಹೇಳಿತು. ಅಲ್ಲಿಂದ ಈಚೆಗೆ ಹೆಚ್ಚಿನ ಕಡೆ ಎರಡೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ದಿನನಿತ್ಯದ ಕಾರಿಗೆ ಈ ಜಗಳದಿಂದ ಏನೂ ಆಗಬೇಕಾದ್ದಿಲ್ಲ. ಒಳ್ಳೆಯ ಗ್ರೂಪ್ 3 ಧಾರಾಳ ಸಾಕು.

ಸೆಮಿ ಸಿಂಥೆಟಿಕ್ ಅಂದರೆ ಎರಡರ ಬೆರಕೆ. ಎಷ್ಟಕ್ಕೆ ಎಷ್ಟು ಅಂತ ಡಬ್ಬದ ಮೇಲೆ ಬರೆಯುವುದಿಲ್ಲ. ಅರ್ಧಕ್ಕರ್ಧ ಅಂದುಕೊಂಡು ಕೊಳ್ಳಬೇಡಿ, ಅಷ್ಟೆ.

ಹಾಗಾದರೆ ಯಾರಿಗೆ ಯಾವುದು? ಟರ್ಬೊ ಇದ್ದರೆ, ಪೆಟ್ರೋಲ್ ಆಗಲಿ ಡೀಸೆಲ್ ಆಗಲಿ, ಸಿಂಥೆಟಿಕ್. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಟರ್ಬೊದ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಅದರ ಬೇರಿಂಗ್ ನಿಂತಿರುವುದು ಆಯಿಲ್ ಪದರದ ಮೇಲೆ. ಘಟ್ಟ ಹತ್ತಿದ ಕೂಡಲೇ ಎಂಜಿನ್ ಬಂದ್ ಮಾಡಿದರೆ ಅಲ್ಲಿ ನಿಂತ ಎಣ್ಣೆ ಕಾದು ಇದ್ದಿಲಾಗುತ್ತದೆ. ದೇವಿಮನೆಯಲ್ಲಿ ಗಾಡಿ ನಿಲ್ಲಿಸಿ ಕೈಮುಗಿಯುವವರು ಎಂಜಿನ್ ಚಾಲೂ ಇಟ್ಟೇ ಒಂದು ನಿಮಿಷ ಕಳೆಯಿರಿ.

ಟರ್ಬೊ ಇಲ್ಲದ ಸಾದಾ ಪೆಟ್ರೋಲ್ ಕಾರು, ಆದರೆ ವಾರ ವಾರ ಘಟ್ಟ, ವರ್ಷಕ್ಕೆ 10 ಸಾವಿರದ ಮೇಲೆ ಓಟ ಅಂದರೆ ಆಗಲೂ ಸಿಂಥೆಟಿಕ್ ಲಾಭವೇ. 0ಡಬ್ಲ್ಯೂ-16, 0ಡಬ್ಲ್ಯೂ-20 ಕೇಳುವ ಹೊಸ ಗಾಡಿಗಳಲ್ಲಂತೂ ಬೇರೆ ದಾರಿಯಿಲ್ಲ, ಆ ನಂಬರು ಮಿನರಲ್‌ನಲ್ಲಿ ಬರುವುದೇ ಇಲ್ಲ.

ಆದರೆ ಹಳ್ಳಿಮನೆಯ ಹಳೆ ಓಮ್ನಿಯೋ 800ರೋ ಇದ್ದು, ತೋಟಕ್ಕೆ ಗೊಬ್ಬರ ಹೊರುವುದು, ವಾರಕ್ಕೊಮ್ಮೆ ಪೇಟೆಗೆ ಹೋಗುವುದು ಇಷ್ಟೇ ಕೆಲಸವಾದರೆ ದುಬಾರಿ ಡಬ್ಬ ಬೇಡ. ಆ ಎಂಜಿನ್‌ಗಳು ಮಿನರಲ್ ಕಾಲದವು. ಹಳೆ ಸೀಲುಗಳಿಂದ ಈಗಾಗಲೇ ಜಿನುಗುತ್ತಿದ್ದರೆ ತೆಳು ಸಿಂಥೆಟಿಕ್ ಇನ್ನೂ ಬೇಗ ಜಿನುಗೀತು. ಒಳ್ಳೆಯ ಮಿನರಲ್ ಅಥವಾ ಸೆಮಿ ಹಾಕಿ, ವರ್ಷಕ್ಕೊಮ್ಮೆ ತಪ್ಪದೆ ಬದಲಿಸಿ.

ವರ್ಷ ಅಂದದ್ದು ಬೇಕಂತಲೇ. ಮಾರುತಿ, ಹುಂಡೈ ಎರಡೂ ಸಾಮಾನ್ಯವಾಗಿ 10 ಸಾವಿರ ಕಿಲೋಮೀಟರ್ ಅಥವಾ 12 ತಿಂಗಳು, ಯಾವುದು ಮೊದಲೋ ಅದು ಅನ್ನುತ್ತವೆ. ನಾವು ಮೊದಲರ್ಧ ಮಾತ್ರ ಕೇಳಿಸಿಕೊಳ್ಳುತ್ತೇವೆ. "ನಾಲ್ಕು ಸಾವಿರವೂ ಓಡಿಲ್ಲ, ಸಿಂಥೆಟಿಕ್ ಬೇರೆ, ಇನ್ನೊಂದು ವರ್ಷ ಇರ್ಲಿ" ಅನ್ನುವವರು ಸುಮಾರು ಜನ. ನಮ್ಮ ಜಿಲ್ಲೆಯಲ್ಲಿ ಇದು ಎಡವಟ್ಟು. ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆಯೇ ಒಣಗದ ಹವೆ. ಚಿಕ್ಕ ಓಟದಲ್ಲಿ ಆಯಿಲ್ ಸರಿಯಾಗಿ ಕಾಯುವುದೇ ಇಲ್ಲ, ಒಳಗಿನ ತೇವ ಆವಿಯಾಗಿ ಹೋಗುವುದಿಲ್ಲ. ಪಂಪಿನಲ್ಲಿ ಈಗ ಸಿಗುವ ಪೆಟ್ರೋಲಿನಲ್ಲಿ 20% ಎಥನಾಲ್ ಇದೆ, ಅದಕ್ಕೂ ನೀರು ಹೀರುವ ಗುಣ. ಮಳೆಗಾಲದಲ್ಲಿ ಆಯಿಲ್ ತುಂಬುವ ಮುಚ್ಚಳ ತಿರುಗಿಸಿ ಒಳಮೈ ನೋಡಿ. ಕಡೆದ ಮಜ್ಜಿಗೆಯ ನೊರೆ ಹಾಗೆ ಕೆನೆ ಕಟ್ಟಿದ್ದರೆ ಅದು ಈ ತೇವವೇ. ಒಂದು ಉದ್ದದ ಓಟ ಹೊಡೆದರೆ ಹೋಗುತ್ತದೆ. ಆದರೆ ಡಿಪ್‌ಸ್ಟಿಕ್‌ಗೆ ಅಂಟಿದ ಎಣ್ಣೆಯೂ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಗಾಡಿ ಸ್ಟಾರ್ಟ್ ಮಾಡಲೇಬೇಡಿ, ಮೆಕ್ಯಾನಿಕ್‌ನನ್ನು ಮನೆಗೆ ಕರೆಸಿ. ರೇಡಿಯೇಟರ್ ನೀರೋ ಹೊಳೆಯ ನೀರೋ ಒಳಗೆ ಹೋಗಿದೆ ಅಂತ ಅರ್ಥ. ಆಯಿಲ್ ಬರೀ ಕಪ್ಪಾದರೆ ಹೆದರಬೇಡಿ, ಮಸಿಯನ್ನು ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ.

ದುಡ್ಡಿನ ಲೆಕ್ಕ

ರೇಟು ಬದಲಾಗುತ್ತಲೇ ಇರುತ್ತದೆ, ಹಾಗಾಗಿ ಒಂದು ಅಂದಾಜು ಹಾಕೋಣ. ಮಿನರಲ್ ಲೀಟರಿಗೆ 400 ರೂಪಾಯಿ, ಸಿಂಥೆಟಿಕ್ 700 ಅಂದುಕೊಳ್ಳಿ. ಚಿಕ್ಕ ಕಾರಿಗೆ ಮೂರೂವರೆ ಲೀಟರ್ ಹಿಡಿದರೆ 1,400 ಮತ್ತು 2,450. ವ್ಯತ್ಯಾಸ 1,050. ಅದೇ 10 ಸಾವಿರ ಕಿಲೋಮೀಟರಿಗೆ, ಲೀಟರಿಗೆ 18ರ ಮೈಲೇಜ್, 100 ರೂಪಾಯಿಯ ಪೆಟ್ರೋಲ್ ಅಂದರೆ 55 ಸಾವಿರ ದಾಟುತ್ತದೆ. ಅದರ ಮುಂದೆ ಸಾವಿರ ರೂಪಾಯಿ 2%ರಷ್ಟೂ ಅಲ್ಲ. ಮೈಲೇಜಿನಲ್ಲೇ ಅದು ವಾಪಸ್ ಬರುತ್ತದೆ ಅಂತ ನಾನು ಬರೆದುಕೊಡುವುದಿಲ್ಲ. ಆದರೆ ಎಂಜಿನ್ ಬಿಚ್ಚಿಸಿದರೆ ಆಗುವ ಬಿಲ್ಲಿನ ಮುಂದೆ ಇದು ಏನೂ ಅಲ್ಲ. ಅದೇ ವರ್ಷಕ್ಕೆ 3 ಸಾವಿರ ಓಡುವ ಗಾಡಿಗೆ ಈ ಲೆಕ್ಕ ಕೂಡುವುದಿಲ್ಲ. ಆ ಸಾವಿರವನ್ನು ಹೊಸ ಆಯಿಲ್ ಫಿಲ್ಟರಿಗೂ ವೈಪರ್ ಬ್ಲೇಡಿಗೂ ಹಾಕಿ.

ಫಿಲ್ಟರ್ ಅಂದೆ ನೋಡಿ. ಸಿಂಥೆಟಿಕ್ ಹಾಕಿಸಿ ಹಳೆ ಫಿಲ್ಟರ್ ಬಿಟ್ಟು ಬಂದವರನ್ನು ನೋಡಿದ್ದೇನೆ. ಮಿಂದು ಮಡಿ ಉಟ್ಟು ಕೆಸರಿಗೆ ಇಳಿದ ಹಾಗೆ.

ಕಂಪನಿ ವಿಚಾರ ಬೇಗ ಮುಗಿಯುತ್ತದೆ. ಕ್ಯಾಸ್ಟ್ರಾಲ್, ಮೊಬಿಲ್, ಶೆಲ್, ಗಲ್ಫ್, ಇಂಡಿಯನ್ ಆಯಿಲ್‌ನ ಸರ್ವೋ, ಭಾರತ್ ಪೆಟ್ರೋಲಿಯಂನ ಮ್ಯಾಕ್, ಕಾರು ಕಂಪನಿಗಳದ್ದೇ ಡಬ್ಬಗಳು, ಇವುಗಳಲ್ಲಿ ನಂಬರು ಮತ್ತು ದರ್ಜೆ ಒಂದೇ ಇದ್ದರೆ ಕಡಿಮೆ ರೇಟಿನದ್ದು ತೆಗೆದುಕೊಳ್ಳಿ. ದಾರಿಯಲ್ಲಿ ಆಯಿಲ್ ಕಡಿಮೆಯಾಗಿ ಅದೇ ಬ್ರ್ಯಾಂಡ್ ಸಿಗದಿದ್ದರೆ ಬೇರೆಯದನ್ನು ಅರ್ಧ ಲೀಟರ್ ಸೇರಿಸಿದರೂ ಅಡ್ಡಿಲ್ಲ. ಎಣ್ಣೆ ಇಲ್ಲದೆ ಓಡಿಸುವುದಕ್ಕಿಂತ ಎಷ್ಟೋ ವಾಸಿ. ನಕಲಿ ಮಾಲಿನ ಭಯ ಮಾತ್ರ ನಿಜ. ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ, ಸೀಲು ನಿಮ್ಮ ಕಣ್ಣೆದುರೇ ಒಡೆಯಲಿ. ಖಾಲಿ ಡಬ್ಬಕ್ಕೆ ಅಲ್ಲೇ ಸ್ಕ್ರೂಡ್ರೈವರ್‌ನಿಂದ ಒಂದು ತೂತು ಹೊಡೆದು ಬನ್ನಿ. ಅದೇ ಡಬ್ಬಕ್ಕೆ ಇನ್ನೊಬ್ಬರು ಬೇರೇನೋ ತುಂಬಿ ಮಾರುವುದು ತಪ್ಪುತ್ತದೆ.

ಉಳಿದ ಕಾರಿನ ಆಯಿಲನ್ನು ಬೈಕಿಗೆ ಸುರಿಯುವ ಆಸೆ ಬೇಡ. ಬೈಕಿನಲ್ಲಿ ಕ್ಲಚ್ಚೂ ಅದೇ ಎಣ್ಣೆಯಲ್ಲಿ ಮುಳುಗಿರುತ್ತದೆ, ಕಾರಿನ ನುಣುಪು ಎಣ್ಣೆಗೆ ಅದು ಜಾರಬಹುದು. ಬೈಕಿಗೆ ಜಾಸೊ ಎಂಎ ಅಂತ ಬರೆದದ್ದೇ ಬೇಕು.

ಇನ್ನು ಹಳೆ ಆಯಿಲ್. ಬೇಲಿ ಗೂಟಕ್ಕೆ ವರಲೆ (ಗೆದ್ದಲು) ಹಿಡಿಯದಿರಲಿ ಅಂತ ಗ್ಯಾರೇಜಿನಿಂದ ಕೇಳಿ ತಂದು ಬಳಿಯುವ ರೂಢಿ ನಮ್ಮ ಕಡೆ ಇದೆ. ನಮ್ಮನೆಯಲ್ಲೂ ಇತ್ತು. ಬಳಸಿದ ಎಣ್ಣೆಯಲ್ಲಿ ಕ್ಯಾನ್ಸರ್ ತರುವ ಅಂಶಗಳಿವೆ, ಬರಿಗೈಯಲ್ಲಿ ಮುಟ್ಟುವ ವಸ್ತುವಲ್ಲ. ಮಳೆ ಬಂದರೆ ಗೂಟದಿಂದ ತೊಳೆದು ಬಾವಿಯ ಕಡೆಗೇ ಇಳಿಯುತ್ತದೆ. ನಾನೀಗ ಅದನ್ನು ಗ್ಯಾರೇಜಿನ ಬ್ಯಾರಲ್‌ಗೇ ಬಿಟ್ಟು ಬರುತ್ತೇನೆ, ಗೂಟದ ಬದಲು ಕಲ್ಲುಕಂಬ ಹಾಕಿಸಿದ್ದೇನೆ.